ಸಮುದ್ರದ ಉದ್ದ ರೇಸಿಗೆ ಮೈ ತಯಾರು ಮಾಡುವುದು ಹೇಗೆ: ನಮ್ಮ ಕರಾವಳಿಯ ಹಾಯಿ ಹಿಡಿದವರಿಗೆ

ತಾರಿಣಿ ದೋಣಿಯಲ್ಲಿ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ ಭೂಮಿ ಸುತ್ತಿ 2025ರ ಮೇ ಕೊನೆಗೆ ಗೋವಾಕ್ಕೆ ಬಂದ ಮೇಲೆ, ಇಲ್ಲಿ ಕಾರವಾರದಲ್ಲಿ ಹಾಯಿದೋಣಿ ಕಲಿಯುವ ಹುಡುಗರು ಹುಡುಗಿಯರು ದೂರದ ರೇಸಿನ ಬಗ್ಗೆ ಕೇಳುವುದು ಜಾಸ್ತಿ ಆಗಿದೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಜಿಮ್ಮಿಗೆ ಎಷ್ಟು ದಿನ ಹೋಗಬೇಕು?

ಬಲೆ ಎಳೆದು, ಹುಟ್ಟು ಹಾಕಿ ಬೆಳೆದವರಿಗೆ ತೋಳಿನ ಬಲ ಮೊದಲೇ ಇರುತ್ತದೆ. ಆದರೆ ವಾರಗಟ್ಟಲೆ ನಡೆಯುವ ರೇಸಿನಲ್ಲಿ ಬರೀ ತೋಳಿನ ಬಲ ಸಾಲದೆ ಹಿಂದೆ ಬಿದ್ದವರು ಕಡಿಮೆ. ಸೋಲುವುದು ಹೊಟ್ಟೆ, ನಿದ್ದೆ, ಚರ್ಮ, ಕಾಲು, ಬೆನ್ನು. ಬಿರುಗಾಳಿ ಯಾವಾಗಲೋ ಒಮ್ಮೆ ಬರುತ್ತದೆ. ಒದ್ದೆ ಚಡ್ಡಿ ದಿನಾ ಇರುತ್ತದೆ. ಮೈಯನ್ನು ಹಾಳು ಮಾಡುವುದು ಹೆಚ್ಚಾಗಿ ಈ ದಿನಾ ಇರುವ ಸಣ್ಣ ಕಾಟಗಳೇ, ಮತ್ತು ಅವುಗಳಿಗೆ ಮನೆಯಲ್ಲೇ, ಹೊರಡುವ ಮುಂಚೆಯೇ ತಯಾರಾಗಬಹುದು. ನಾನು ಇಲ್ಲಿ ಹೇಳುವುದು ಆ ತಯಾರಿಯನ್ನೇ. ಬಿಪಿ, ಶುಗರ್, ಅಸ್ತಮಾ ಇದ್ದವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ, ಆಮೇಲೆ ಇದನ್ನು ಓದಿ.

ಮೂರು ತಿಂಗಳು ಮೊದಲು: ಕಾಲಿನಿಂದ ಶುರು ಮಾಡಿ

60 ಅಡಿ ಉದ್ದದ ರೇಸ್ ದೋಣಿಯಲ್ಲೂ ಯಾರೂ ನಡೆಯುವುದಿಲ್ಲ. ಕೂರುತ್ತಾರೆ, ಮಂಡಿಯೂರುತ್ತಾರೆ, ತೆವಳುತ್ತಾರೆ, ಮಲಗುವ ಬಂಕಿಗೆ ಹೋಗಿ ಬೀಳುತ್ತಾರೆ. ಹಗ್ಗ ಎಳೆಯುವುದು, ವಿಂಚ್ (ಹಗ್ಗ ಸುತ್ತಿ ಬಿಗಿಯುವ ಉರುಳೆ) ತಿರುಗಿಸುವುದು ಬಹುಪಾಲು ಕೈ ಮತ್ತು ಹೆಗಲಿನ ಕೆಲಸ. ಹಾಗಾಗಿ ಸೊಂಟದ ಮೇಲಿನ ಭಾಗ ಗಟ್ಟಿಯಾಗಿಯೇ ಉಳಿಯುತ್ತದೆ, ತೊಡೆ ಮತ್ತು ಮೀನಖಂಡ ಮಾತ್ರ ಸುಮ್ಮನೆ ಕರಗುತ್ತಾ ಹೋಗುತ್ತವೆ. ಫ್ರಾನ್ಸಿನಿಂದ ಹೊರಟು ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತುವ ವಾಂಡೆ ಗ್ಲೋಬ್ ರೇಸನ್ನು ಈಗ ಅತಿ ವೇಗದವರು 65 ದಿನದೊಳಗೆ ಮುಗಿಸುತ್ತಾರೆ. ಅಷ್ಟು ದಿನ ಒಂದು ಕಿಲೋಮೀಟರ್ ಕೂಡ ನೇರವಾಗಿ ನಡೆಯದೆ ಇದ್ದರೆ ಕಾಲು ಏನಾಗಬೇಕು ಹೇಳಿ. ದೋಣಿ ಎತ್ತಿ ಎತ್ತಿ ಹಾಕುವಾಗ ನಿಮ್ಮನ್ನು ಬೀಳದಂತೆ ಹಿಡಿಯುವುದು ಅದೇ ಕಾಲು. ಕಾಲು ಸೋತವರು ಬೀಳುತ್ತಾರೆ, ಬಿದ್ದವರು ಪಕ್ಕೆಲುಬು ಮುರಿದುಕೊಳ್ಳುತ್ತಾರೆ.

ಇದಕ್ಕೆ ನಮ್ಮೂರಿಗಿಂತ ಒಳ್ಳೆಯ ಜಾಗ ಇಲ್ಲ. ಟ್ಯಾಗೋರ್ ಬೀಚಿನಲ್ಲಿ ನೀರಿನ ಅಂಚಿನ ಗಟ್ಟಿ ಮರಳು ಬಿಟ್ಟು ಮೇಲಿನ ಸಡಿಲ ಮರಳಿನಲ್ಲಿ, ಬರಿಗಾಲಲ್ಲಿ, ಬೆಳಿಗ್ಗೆ ಬಿಸಿಲು ಏರುವ ಮುಂಚೆ ನಡೆಯಿರಿ. ವಾರಕ್ಕೊಮ್ಮೆ ಗುಡ್ಡೆಹಳ್ಳಿ ಗುಡ್ಡ ಹತ್ತಿ. ಹತ್ತುವುದಕ್ಕಿಂತ ಇಳಿಯುವಾಗ ನಿಧಾನ ಮಾಡಿ, ತೊಡೆಯ ಮುಂಭಾಗಕ್ಕೆ ನಿಜವಾದ ಕೆಲಸ ಸಿಗುವುದು ಇಳಿಯುವಾಗ. ಮನೆಯಲ್ಲಿ ಬಸ್ಕಿ, ಒಂದು ಕಾಲು ಮುಂದಿಟ್ಟು ಕೂರುವ ಲಂಜ್, ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಏರಿಸಿ ಇಳಿಸುವುದು. ಕೊನೆಗೆ ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಲ್ಲುವುದು. ಇದು ಸುಲಭ ಅನ್ನಿಸುತ್ತದೆ, ಮಾಡಿ ನೋಡಿ.

ಬೆನ್ನಿಗೂ ಅಷ್ಟೇ ಗಮನ ಬೇಕು. ರೇಸ್ ದೋಣಿಯಲ್ಲಿ ದಿಕ್ಕು ಬದಲಿಸಿದಾಗಲೆಲ್ಲಾ ಒದ್ದೆ ಹಾಯಿ ಚೀಲ, ಊಟದ ಚೀಲ, ಸಾಮಾನು ಎಲ್ಲವನ್ನೂ ಗಾಳಿ ಬರುವ ಬದಿಗೆ ಹೊತ್ತು ಹಾಕಬೇಕು, ದೋಣಿ ಸಮತೋಲದಲ್ಲಿ ಓಡಲಿ ಅಂತ. ಒಳಗೆ ನಿಲ್ಲುವಷ್ಟು ಎತ್ತರ ಇರುವುದಿಲ್ಲ. ಮಂಡಿಯೂರಿ, ಬಗ್ಗಿ, ದೋಣಿ ವಾಲಿರುವಾಗ, ಅರ್ಧ ನಿದ್ದೆಯಲ್ಲಿ, ಎಷ್ಟೋ ಸಲ ತನ್ನ ಮೈತೂಕಕ್ಕಿಂತ ಭಾರದ ಚೀಲವನ್ನು ಎಳೆಯುವುದು. ಆದ್ದರಿಂದ ನೆಟ್ಟಗೆ ನಿಂತು ಕಂಬಿ ಎತ್ತಿದರೆ ಸಾಲದು. ಮರಳು ತುಂಬಿದ ಗೋಣಿಚೀಲವನ್ನು ಮಂಡಿಯೂರಿ ಎಳೆದು ಪಕ್ಕಕ್ಕೆ ಸರಿಸುವುದನ್ನು ಎರಡೂ ಬದಿಗೆ ಮಾಡಿ. ಜೊತೆಗೆ ಪ್ಲ್ಯಾಂಕ್, ಪಕ್ಕದ ಪ್ಲ್ಯಾಂಕ್.

ಹೊರಡುವ ಮುಂಚೆ ಹಲ್ಲು ತೋರಿಸಿ ಬನ್ನಿ. ಸಣ್ಣ ಹುಳುಕು ಕೂಡ ಬಿಡಬೇಡಿ. ದಡದಲ್ಲಿ ಒಂದು ದಿನದ ನೋವು, ಸಮುದ್ರದ ಮಧ್ಯೆ ಇಪ್ಪತ್ತು ದಿನದ ನೋವು. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡಿರಿ.

ಹೊಟ್ಟೆ ತೊಳಸುವುದು

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಆಗುವುದು, ಸಮುದ್ರದಲ್ಲಿ ಆಗುವುದು ಎರಡೂ ಒಂದೇ ಕಾರಣಕ್ಕೆ. ಒಳಕಿವಿ ಮೈ ಅಲ್ಲಾಡುತ್ತಿದೆ ಅನ್ನುತ್ತದೆ, ಕಣ್ಣು ಎದುರಿನ ಸೀಟು ನೋಡಿ ಏನೂ ಅಲ್ಲಾಡುತ್ತಿಲ್ಲ ಅನ್ನುತ್ತದೆ. ಮಿದುಳಿಗೆ ಎರಡೂ ತಾಳೆ ಆಗುವುದಿಲ್ಲ, ಹೊಟ್ಟೆ ಮಗುಚುತ್ತದೆ. ಘಾಟಿ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಸಮುದ್ರದಲ್ಲಿ ಬಹಳ ಜನರಿಗೆ ಎರಡು ಮೂರು ದಿನ ಬೇಕು ಮೈ ಒಗ್ಗಲು. ಹುಟ್ಟಿದಾಗಿನಿಂದ ದೋಣಿಯಲ್ಲಿದ್ದೇನೆ, ನನಗೆ ಆಗಲ್ಲ ಅನ್ನಬೇಡಿ. ದಿನಾ ಹೋಗಿ ಸಂಜೆ ಬರುವುದು ಬೇರೆ, ಕತ್ತಲಲ್ಲಿ ಬಾಗಿಲು ಮುಚ್ಚಿದ ಕ್ಯಾಬಿನ್ನಿನಲ್ಲಿ ಡೀಸೆಲ್ ವಾಸನೆಯ ಮಧ್ಯೆ ಬಗ್ಗಿ ಹಗ್ಗ ಹುಡುಕುವುದು ಬೇರೆ.

ಪರೀಕ್ಷೆ ಮಾಡಿಕೊಳ್ಳುವುದು ಹೀಗೆ. ಕಾರವಾರದ ಕೊಲ್ಲಿ ದ್ವೀಪಗಳ ಮರೆಯಲ್ಲಿದೆ, ಒಳಗೆ ತೆರೆ ಸಣ್ಣದು. ಮಳೆಗಾಲ ಮುಗಿದು ಸಮುದ್ರ ತೆರೆದ ಮೇಲೆ, ಅನುಭವ ಇರುವವರ ಬೋಟಿನಲ್ಲಿ ದೇವಗಡ ದ್ವೀಪದ ಲೈಟ್‌ಹೌಸ್ ದಾಟಿ ಹೊರಗೆ ಹೋಗಿ. ಅಲ್ಲಿ ಇಂಜಿನ್ ನಿಲ್ಲಿಸಿ ಬೋಟು ಸುಮ್ನೆ ತೇಲಲಿ. ತೆರೆಗೆ ಅಡ್ಡ ನಿಂತು ಹೊರಳಾಡುವ ಬೋಟಿನಲ್ಲಿ ಕೂತು ಒಂದು ಗಂಟು ಬಿಚ್ಚಿ ಕಟ್ಟಿ, ನಕ್ಷೆ ಓದಿ. ನಿಮ್ಮ ಹೊಟ್ಟೆ ಎಂಥದ್ದು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮೊದಲ ಸೂಚನೆ ವಾಂತಿ ಅಲ್ಲ. ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು, ಮಾತಾಡಲು ಬೇಜಾರು. ಪಕ್ಕದವನು ಇದ್ದಕ್ಕಿದ್ದಂತೆ ಮೌನವಾದರೆ ಅವನನ್ನು ಕೂಡಲೇ ಚುಕ್ಕಾಣಿಗೆ ಕೂರಿಸಿ. ದೂರದ ದಿಗಂತ ನೋಡುತ್ತಾ ದೋಣಿ ನಡೆಸುವವರಿಗೆ ತೊಳಸುವುದು ಕಡಿಮೆ.

ಮಾತ್ರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಬೇಡ. ಬಸ್ಸಿಗೆ ನಾವೆಲ್ಲ ತಿನ್ನುವ ಅವೋಮಿನ್ ಕೆಲಸ ಮಾಡುತ್ತದೆ, ಆದರೆ ನಿದ್ದೆ ಬರಿಸುತ್ತದೆ. ಸಿನ್ನಾರಿಜಿನ್ ಕೆಲವರಿಗೆ ಹೆಚ್ಚು ಹೊಂದುತ್ತದೆ. ಯಾವುದು ನಿಮಗೆ ಸರಿ ಅಂತ ಡಾಕ್ಟರ್ ಕೇಳಿ, ದಡದಲ್ಲಿ ಒಮ್ಮೆ ತಿಂದು ನೋಡಿ, ಮತ್ತು ದೋಣಿ ಹತ್ತುವುದಕ್ಕೆ ಕೆಲವು ಗಂಟೆ ಮೊದಲೇ ತೆಗೆದುಕೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊರಗೇ ಬರುತ್ತದೆ.

ನೀರು ಮತ್ತು ಊಟ

ದೂರದ ರೇಸಿನಲ್ಲಿ ಕುಡಿಯುವ ನೀರನ್ನು ಹೆಚ್ಚಾಗಿ ದೋಣಿಯಲ್ಲೇ ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡುತ್ತಾರೆ. ಆ ಯಂತ್ರ ಉಪ್ಪಿನ ಜೊತೆ ಬೇರೆ ಖನಿಜವನ್ನೂ ತೆಗೆಯುತ್ತದೆ, ನೀರು ಸಪ್ಪೆ. ಸಪ್ಪೆ ನೀರನ್ನು ಯಾರೂ ಬೇಕಾದಷ್ಟು ಕುಡಿಯುವುದಿಲ್ಲ, ಸಮಸ್ಯೆ ಅಲ್ಲೇ ಶುರು. ಮೇಲಿಂದ, ಮೇಲಂಗಿ ಬಿಚ್ಚಿ ಮೂತ್ರಕ್ಕೆ ಹೋಗುವುದೇ ಒಂದು ಸಾಹಸ ಆಗಿರುವುದರಿಂದ ಹಲವರು ಬೇಕಂತಲೇ ಕಡಿಮೆ ಕುಡಿಯುತ್ತಾರೆ. ಇದು ಬಹಳ ಕೆಟ್ಟ ಲೆಕ್ಕ. ತಲೆನೋವು, ಮಲಬದ್ಧತೆ, ಸಿಡುಕು, ತಪ್ಪು ನಿರ್ಧಾರ ಎಲ್ಲ ಅದರ ಹಿಂದೆಯೇ ಬರುತ್ತವೆ. ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ಕುಡಿಯಿರಿ. ಸಮಭಾಜಕದ ಸುತ್ತಮುತ್ತ, ಗಾಳಿ ಸತ್ತ ಕಡೆ, ಕ್ಯಾಬಿನ್ ಕುದಿಯುತ್ತಿರುವಾಗ ದಿನಕ್ಕೆ ನಾಲ್ಕು ಲೀಟರ್ ಕೂಡ ಹೆಚ್ಚಲ್ಲ. ಓಆರ್‌ಎಸ್ ಪೊಟ್ಟಣ ಧಾರಾಳ ಇಟ್ಟುಕೊಳ್ಳಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ರುಚಿಗೆ ನಮ್ಮ ಮುರುಗಲು ಸಿಪ್ಪೆ ಇದೆಯಲ್ಲ, ಒಣಗಿಸಿದ್ದು ತಿಂಗಳಾದರೂ ಕೆಡುವುದಿಲ್ಲ. ರಾತ್ರಿ ಬಾಟಲಿಗೆ ಎರಡು ಸಿಪ್ಪೆ, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ. ಬೆಳಿಗ್ಗೆ ಕೆಂಪಗೆ, ಹುಳಿಯಾಗಿ, ತಾನಾಗಿ ಕುಡಿಯಬೇಕು ಅನ್ನಿಸುವ ಹಾಗೆ ಆಗಿರುತ್ತದೆ.

ಕಷ್ಟದ ರೇಸಿನಲ್ಲಿ ಮೈಗೆ ದಿನಕ್ಕೆ 4000ದಿಂದ 6000 ಕ್ಯಾಲೊರಿ ಬೇಕಾಗಬಹುದು, ಚಳಿಯಲ್ಲಂತೂ ಇನ್ನೂ ಹಸಿವು. ಬಿಸಿನೀರು ಹಾಕಿ ನೆನೆಸುವ ಒಣ ಊಟದ ಪೊಟ್ಟಣಗಳನ್ನು ಮೂರನೇ ವಾರಕ್ಕೆ ನೋಡಲೂ ಆಗುವುದಿಲ್ಲ. ಆಗ ಜನ ತಿನ್ನುವುದು ಬಿಡುತ್ತಾರೆ, ತೂಕ ಇಳಿಯುತ್ತದೆ, ಇಳಿದ ತೂಕದಲ್ಲಿ ಮಾಂಸಖಂಡವೂ ಸೇರಿರುತ್ತದೆ. ಮನೆಯ ರುಚಿ ಜೊತೆಗೆ ಇರಬೇಕು. ನನ್ನ ಆಯ್ಕೆ ಹೇಳುತ್ತೇನೆ: ಹುರಿದ ಅವಲಕ್ಕಿ, ಶೇಂಗಾ, ಅಂಕೋಲಾ ಕಡೆಯ ಗೋಡಂಬಿ, ತುಪ್ಪ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಶಿರಸಿಯ ಜೋನಿ ಬೆಲ್ಲ. ಅವಲಕ್ಕಿಗೆ ತುಪ್ಪ, ಬೆಲ್ಲ ಕಲಸಿದರೆ ಒಂದೇ ಕೈಯಲ್ಲಿ, ಒಲೆ ಹಚ್ಚದೆ ತಿನ್ನಬಹುದು. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಮಿಡಿ ಇದ್ದರೆ ಸಪ್ಪೆ ಅನ್ನವೂ ಇಳಿಯುತ್ತದೆ. ತೊಡೆದೇವು ಎಷ್ಟೇ ಇಷ್ಟ ಇದ್ದರೂ ಬೇಡ, ಎರಡನೇ ದಿನಕ್ಕೆ ಪುಡಿ. ಒಣ ಮೀನೂ ಬೇಡ. ಮುಚ್ಚಿದ ಕ್ಯಾಬಿನ್ನಿನಲ್ಲಿ ಆ ವಾಸನೆಗೆ ಗಟ್ಟಿ ಹೊಟ್ಟೆಯವರೂ ಏಳುತ್ತಾರೆ, ಉಪ್ಪು ಬಾಯಾರಿಕೆ ಹೆಚ್ಚಿಸುತ್ತದೆ.

ತಿಂಗಳುಗಟ್ಟಲೆ ಹೋಗುವವರು ವಿಟಮಿನ್ ಸಿ ಮರೆಯಬಾರದು. ಸ್ಕರ್ವಿ ಬಂದು ವಸಡು ಊದಿ, ಹಳೆ ಗಾಯ ಬಾಯ್ಬಿಟ್ಟು ನಾವಿಕರು ಸಾಯುತ್ತಿದ್ದ ಕಾಲದಲ್ಲಿ, 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ರೋಗಿಗಳನ್ನು ಜೋಡಿ ಜೋಡಿ ಮಾಡಿ ಬೇರೆ ಬೇರೆ ಪದಾರ್ಥ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ಓಡಾಡಿದರು. ನಿಮಗೆ ಮಾತ್ರೆ ಸಿಗುತ್ತದೆ, ದಿನಾ ಒಂದು ಸಾಕು. ಮೊದಲ ಕೆಲವು ವಾರಕ್ಕೆ ನಿಂಬೆ, ನೆಲ್ಲಿಕಾಯಿ ಇಟ್ಟುಕೊಳ್ಳಿ.

ನಿದ್ದೆ

ಇದನ್ನೇ ಜನ ಅತಿ ಹಗುರವಾಗಿ ನೋಡುವುದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ್ದು ಇದೇ.

ತಂಡದ ದೋಣಿಯಲ್ಲಿ ನಾಲ್ಕು ಗಂಟೆ ಕೆಲಸ, ನಾಲ್ಕು ಗಂಟೆ ಬಿಡುವು ಅಂತ ವಾಚ್ ಇರುತ್ತದೆ. ಬಿಡುವಿನ ನಾಲ್ಕು ಗಂಟೆಯಲ್ಲಿ ಒದ್ದೆ ಬಟ್ಟೆ ಬಿಚ್ಚಬೇಕು, ತಿನ್ನಬೇಕು, ಮಧ್ಯೆ ಹಾಯಿ ಬದಲಿಸಲು ಎಲ್ಲರನ್ನೂ ಕರೆಯುತ್ತಾರೆ, ಮತ್ತೆ ಬಟ್ಟೆ ಹಾಕಿ ಮೇಲೆ ಹೋಗಬೇಕು. ಕಣ್ಣು ಮುಚ್ಚುವುದು ಮೂರು ಗಂಟೆ ಸಿಕ್ಕರೆ ಪುಣ್ಯ. ಒಬ್ಬರೇ ಹೋಗುವವರು 20 ನಿಮಿಷ, 40 ನಿಮಿಷದ ತುಣುಕುಗಳಲ್ಲಿ ಮಲಗಿ ದಿನಕ್ಕೆ ನಾಲ್ಕೈದು ಗಂಟೆ ಒಟ್ಟು ಮಾಡುತ್ತಾರೆ. ಹದಿನೇಳು ಹದಿನೆಂಟು ಗಂಟೆ ಸತತ ಎಚ್ಚರವಿದ್ದವರ ಕೈ, ಕಣ್ಣು, ತಲೆ ಸ್ವಲ್ಪ ಕುಡಿದವರ ಹಾಗೆಯೇ ತಡವಾಗಿ ಓಡುತ್ತವೆ. ಕುಡಿದವರಿಗಾದರೂ ತಾವು ಕುಡಿದಿದ್ದೇವೆ ಅಂತ ಗೊತ್ತಿರುತ್ತದೆ. ನಿದ್ದೆಗೆಟ್ಟವರು ತಾವು ಸರಿಯಾಗಿದ್ದೇವೆ ಅಂತಲೇ ವಾದಿಸುತ್ತಾರೆ. ಇನ್ನೂ ಹೆಚ್ಚಾದರೆ ಇಲ್ಲದ ದೀಪ ಕಾಣುತ್ತದೆ, ಇಲ್ಲದವರ ಮಾತು ಕೇಳಿಸುತ್ತದೆ.

ಏನು ಮಾಡಬೇಕು? ಮೊದಲನೆಯದು, ಹೊರಡುವ ಮುಂಚಿನ ವಾರ ಚೆನ್ನಾಗಿ ಮಲಗಿ. ಎಲ್ಲರೂ ಇದಕ್ಕೆ ಉಲ್ಟಾ ಮಾಡುತ್ತಾರೆ. ಕೊನೆಯ ರಾತ್ರಿಯವರೆಗೆ ದೋಣಿ ರಿಪೇರಿ, ಸಾಮಾನು, ನೆಂಟರು, ಫೋನು. ಮೊದಲೇ ಸಾಲ ಮಾಡಿಕೊಂಡು ಸಮುದ್ರಕ್ಕೆ ಇಳಿದಂತಾಗುತ್ತದೆ. ಎರಡನೆಯದು, ತುಣುಕು ನಿದ್ದೆಯನ್ನು ಮನೆಯಲ್ಲಿ ಅಭ್ಯಾಸ ಮಾಡಿ, ಆದರೆ ರಜೆ ದಿನಗಳಲ್ಲಿ ಮಾತ್ರ, ಮತ್ತು ಆ ದಿನ ಹೆದ್ದಾರಿಯಲ್ಲಿ ಬೈಕು ಮುಟ್ಟಬೇಡಿ. ಉದ್ದೇಶ ಮೈಯನ್ನು ಒಗ್ಗಿಸುವುದಲ್ಲ, ಕಡಿಮೆ ನಿದ್ದೆಗೆ ಯಾರ ಮೈಯೂ ನಿಜವಾಗಿ ಒಗ್ಗುವುದಿಲ್ಲ. ನಿಮಗೆ ಎಷ್ಟು ಹೊತ್ತಿನ ನಿದ್ದೆ ಹೊಂದುತ್ತದೆ ಅಂತ ತಿಳಿಯಲು. ಬಹಳ ಜನರಿಗೆ 20 ನಿಮಿಷಕ್ಕೆ ಎದ್ದರೆ ಹಗುರ, ಸುಮಾರು ಒಂದೂವರೆ ಗಂಟೆಗೆ ಎದ್ದರೂ ಹಗುರ, ನಡುವೆ ಮುಕ್ಕಾಲು ಗಂಟೆಗೆ ಎಬ್ಬಿಸಿದರೆ ಆಳ ನಿದ್ದೆಯಿಂದ ಕಿತ್ತಂತೆ ಆಗಿ ಸ್ವಲ್ಪ ಹೊತ್ತು ಎಲ್ಲಿದ್ದೇವೆ ಅಂತಲೇ ತಿಳಿಯುವುದಿಲ್ಲ. ಬೈತಖೋಲ ಬಂದರಿನಿಂದ ರಾತ್ರಿ ಮೀನಿಗೆ ಹೋಗುವ ಹಿರಿಯರನ್ನು ಕೇಳಿ, ಬಲೆ ಬಿಟ್ಟು ಎಳೆಯುವ ನಡುವೆ ಹೇಗೆ ಕಣ್ಣು ಮುಚ್ಚುತ್ತಾರೆ ಅಂತ. ಅವರಿಗೆ ಇದರ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ದೋಣಿಯಲ್ಲಿ ಬೆಳಗಿನ ಜಾವ ಮೂರರಿಂದ ಐದರವರೆಗೆ ಹೆಚ್ಚು ಎಚ್ಚರಿಕೆ ಬೇಕು. ಆ ಹೊತ್ತಿನಲ್ಲಿ ಮೈ ಬಿಸಿ ಇಳಿದಿರುತ್ತದೆ, ತಲೆ ಓಡುವುದಿಲ್ಲ. ದೊಡ್ಡ ನಿರ್ಧಾರ ಇದ್ದರೆ ಬೆಳಕು ಹರಿಯುವವರೆಗೆ ಕಾಯಿರಿ, ಕಾಯಲು ಆಗದಿದ್ದರೆ ಇನ್ನೊಬ್ಬರಿಗೆ ಜೋರಾಗಿ ಹೇಳಿ ಕೇಳಿಸಿ. ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗುವುದು ಒಳ್ಳೆಯ ಉಪಾಯ, ಏಳುವ ಹೊತ್ತಿಗೆ ಕಾಫಿ ಕೆಲಸ ಶುರು ಮಾಡಿರುತ್ತದೆ. ಅದೇ ವಸ್ತು ಎರಡು ಸಲ ಕೈಜಾರಿ ಬಿತ್ತು, ಅದೇ ಸಾಲು ಮೂರು ಸಲ ಓದಿದಿರಿ, ಸುಮ್ನೆ ಸಿಟ್ಟು ಬಂತು ಅಂದರೆ ನಿಮ್ಮ ಸರದಿ ಬಿಟ್ಟು ಮಲಗಿ.

ಚರ್ಮ

ಉಪ್ಪು ನೀರು ಒಣಗಿದ ಮೇಲೆ ಬಟ್ಟೆಯಲ್ಲಿ ಉಪ್ಪಿನ ಹರಳು ಉಳಿಯುತ್ತವೆ. ಆ ಹರಳು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಉಪ್ಪು ಬಟ್ಟೆ ಪೂರ್ತಿ ಒಣಗುವುದೇ ಇಲ್ಲ. ಮಳೆ ಕೋಟಿನ ತೋಳಿನ ಅಂಚು ಮಣಿಕಟ್ಟಿಗೆ ಉಜ್ಜುವ ಜಾಗ ನೋಡಿ. ಮೊದಲು ಕೆಂಪು ಗೆರೆ, ಎರಡು ದಿನಕ್ಕೆ ಸಣ್ಣ ಗುಳ್ಳೆ, ಅದರ ಮೇಲೆ ಮತ್ತೆ ಉಜ್ಜಿ ಸಿಪ್ಪೆ ಸುಲಿದು ಕೀವು ತುಂಬಿದ ಕುರು. ಇದೇ ಕಥೆ ಕುತ್ತಿಗೆಯಲ್ಲಿ, ತೊಡೆ ಸಂದಿಯಲ್ಲಿ, ಕೂತು ಕೂತು ಕುಂಡೆಯ ಮೇಲೆ. ಕೂರಲೂ ಆಗದೆ ಮಲಗಲೂ ಆಗದೆ ಒದ್ದಾಡುವುದು ಸಣ್ಣ ವಿಷಯ ಅಲ್ಲ, ಅದು ನಿದ್ದೆಯನ್ನೂ ತಿನ್ನುತ್ತದೆ.

ದಿನಕ್ಕೊಮ್ಮೆ ಒಂದು ಲೋಟ ಸಿಹಿನೀರು ಈ ಜಾಗಗಳಿಗೆ ಮೀಸಲಿಡಿ. ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ ಹಚ್ಚಿ. ಒಳಚಡ್ಡಿ ಹತ್ತಿಯದು ಬೇಡ, ಹೊಲಿಗೆ ಉಜ್ಜದ, ಬೇಗ ಒಣಗುವ ಬಟ್ಟೆ ಇರಲಿ. ಮಲಗುವಾಗ ಒಂದು ಜೊತೆ ಒಣ ಬಟ್ಟೆ, ಒಣ ಕಾಲುಚೀಲ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರಾಣದ ಹಾಗೆ ಕಾಪಾಡಿ. ಸದಾ ಬೂಟಿನಲ್ಲಿ ನೆನೆದ ಕಾಲು ನೆಟ್ಟಿ ಕಾಲದಲ್ಲಿ ವಾರಗಟ್ಟಲೆ ಗದ್ದೆಗಿಳಿದವರ ಕಾಲಿನಂತೆ ಬೆಳ್ಳಗೆ ಉಬ್ಬಿ, ಬೆರಳ ಸಂದಿ ಬಿರಿಯುತ್ತದೆ. ಚಳಿ ಸಮುದ್ರದಲ್ಲಾದರೆ ಜೋಮು ಹಿಡಿದು ನರಕ್ಕೇ ಪೆಟ್ಟು. ಪ್ರತಿ ಬಿಡುವಿನಲ್ಲಿ ಬೂಟು ಬಿಚ್ಚಲೇಬೇಕು.

ಒಂದು ಮಾತು ಒತ್ತಿ ಹೇಳುತ್ತೇನೆ. ತುರಿಕೆ ಅಂದ ಕೂಡಲೇ ಮೆಡಿಕಲ್ ಶಾಪಿನಲ್ಲಿ ಕೊಡುವ ಮಿಕ್ಸ್ ಕ್ರೀಮ್ ತಂದು ಹಚ್ಚಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಸ್ಟೆರಾಯ್ಡ್ ಸೇರಿರುತ್ತದೆ. ಎರಡು ದಿನ ಆರಾಮ ಅನ್ನಿಸುತ್ತದೆ, ಆಮೇಲೆ ಗಜಕರ್ಣ ತೊಡೆಯಿಂದ ಸೊಂಟಕ್ಕೆ ಹಬ್ಬುತ್ತದೆ. ಹೋಗುವ ಮುಂಚೆ ಚರ್ಮದ ಡಾಕ್ಟರ್ ಹತ್ತಿರ ಸರಿಯಾದ ಮುಲಾಮು ಬರೆಸಿಕೊಳ್ಳಿ.

ಬಿಸಿಲಿಗೆ ಎಸ್‌ಪಿಎಫ್ 50, ತುಟಿಗೂ, ಕಿವಿಗೂ. ನೀರಿನಿಂದ ಹೊಳೆದು ಬರುವ ಬೆಳಕಿಗೆ, ಆ ಹೊಳಪನ್ನೂ ಯುವಿ ಕಿರಣವನ್ನೂ ತಡೆಯುವ ಪೋಲರೈಸ್ಡ್ ಕನ್ನಡಕ ಬೇಕೇ ಬೇಕು. ವರ್ಷಗಟ್ಟಲೆ ಬರಿಗಣ್ಣಲ್ಲಿ ಮೀನು ಹಿಡಿದವರ ಕಣ್ಣಿನ ಮೂಲೆಯಲ್ಲಿ ಮಾಂಸದ ಪೊರೆ ಬೆಳೆದಿರುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ.

ಚಳಿ, ಪೆಟ್ಟು

ನಮ್ಮ ಮೈಗೆ ಚಳಿ ಗೊತ್ತಿಲ್ಲ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣದ ಸಮುದ್ರಕ್ಕೆ ಹೋಗುವವರು ಉಣ್ಣೆಯ ಒಳಬಟ್ಟೆ ಹಾಕಲಿ. ಒದ್ದೆ ಹತ್ತಿ ಮೈಬಿಸಿ ಹೀರುತ್ತದೆ. ನಡುಗುತ್ತಿದ್ದವರು ನಡುಗುವುದು ನಿಲ್ಲಿಸಿ ತೊದಲತೊಡಗಿದರೆ ಅದು ತುರ್ತು. ಕೂಡಲೇ ಒಳಗೆ ಕರೆದೊಯ್ದು ಒದ್ದೆ ಬಟ್ಟೆ ಬಿಚ್ಚಿ ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ.

ತಲೆಗೆ ಬೂಮ್ (ಹಾಯಿಯ ಕೆಳಗಿನ ಅಡ್ಡಕಂಬ), ಬೆರಳಿಗೆ ವಿಂಚ್, ಪಕ್ಕೆಗೆ ಡೆಕ್. ಈ ಮೂರು ಪೆಟ್ಟು ನೆನಪಿರಲಿ. ನೀರಿನ ಮೇಲೆ ಎದ್ದು ಓಡುವ ಹೊಸ ಫಾಯ್ಲ್ ದೋಣಿಗಳು ಇದ್ದಕ್ಕಿದ್ದಂತೆ ನಿಲ್ಲುತ್ತವೆ, ಒಳಗಿದ್ದವರು ಮುಂದಕ್ಕೆ ಹಾರುತ್ತಾರೆ. ಅದಕ್ಕೇ ಈಗ ಹಲವರು ಹೆಲ್ಮೆಟ್ ಹಾಕುತ್ತಾರೆ, ಕಾಲು ಮುಂದಕ್ಕಿಟ್ಟು ಮಲಗುತ್ತಾರೆ.

ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಅವರ ಕಥೆಯಿಂದ ಕಲಿಯಬೇಕು. 2018ರ ಸೆಪ್ಟೆಂಬರಿನಲ್ಲಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ, ಹಿಂದೂ ಮಹಾಸಾಗರದ ದಕ್ಷಿಣಕ್ಕೆ, ಬಿರುಗಾಳಿಗೆ ದೋಣಿ ಮಗುಚಿ ಕೂವೆಮರ ಮುರಿಯಿತು, ಅವರ ಬೆನ್ನಿಗೆ ದೊಡ್ಡ ಪೆಟ್ಟು. ಏಳಲಾಗದೆ ಬಂಕಿನಲ್ಲೇ ಬಿದ್ದಿದ್ದರು, ಕೊನೆಗೆ ಫ್ರೆಂಚ್ ಹಡಗು ಬಂದು ಎತ್ತಿಕೊಂಡಿತು. ಬೆನ್ನುಮೂಳೆಗೆ ಆಪರೇಷನ್ ಆಗಿ ಟೈಟಾನಿಯಂ ಸರಳು ಹಾಕಿದರು. ಅದೇ ಬೆನ್ನಿನಲ್ಲಿ ಮತ್ತೆ ಅದೇ ರೇಸಿಗೆ ಹೋಗಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು. 2008ರ ಡಿಸೆಂಬರಿನಲ್ಲಿ ವಾಂಡೆ ಗ್ಲೋಬ್ ರೇಸಿನಲ್ಲಿದ್ದ ಫ್ರಾನ್ಸಿನ ಯಾನ್ ಎಲಿಯೆಸ್ ತೊಡೆಮೂಳೆ ಮುರಿದುಕೊಂಡು ಆಸ್ಟ್ರೇಲಿಯಾದ ದಕ್ಷಿಣಕ್ಕೆ ಒಬ್ಬರೇ ಮಲಗಿದ್ದಾಗ ನೋವಿನ ಔಷಧಿ ದೋಣಿಯಲ್ಲೇ ಇದ್ದರೂ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಇಂದೇ ಮಾಡಿ: ಬಂಕಿನಲ್ಲಿ ಮಲಗಿ, ಸೊಂಟದ ಕೆಳಗೆ ಅಲ್ಲಾಡದೆ ಕೈ ಚಾಚಿ. ಎಟುಕುವ ಜಾಗದಲ್ಲಿ ನೋವಿನ ಮಾತ್ರೆ, ನೀರಿನ ಬಾಟಲಿ, ರೇಡಿಯೋ ಅಥವಾ ಸ್ಯಾಟಲೈಟ್ ಫೋನ್ ಇರಬೇಕು. ರಾತ್ರಿ ಡೆಕ್ಕಿಗೆ ಹೋಗುವ ಮುಂಚೆಯೇ, ಒಳಗಿಂದಲೇ ನಿಮ್ಮನ್ನು ದೋಣಿಗೆ ಕಟ್ಟಿಡುವ ಹಾರ್ನೆಸ್ ಹಗ್ಗ ಸಿಕ್ಕಿಸಿ.

ದಡಕ್ಕೆ ಬಂದ ಮೇಲೆ

ನೆಲ ತೂಗುತ್ತದೆ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವಾಗ ಜಾಸ್ತಿ, ಗೋಡೆ ಹಿಡಿದುಕೊಳ್ಳಿ. ಒಂದೆರಡು ದಿನದಲ್ಲಿ ಬಹುತೇಕರಿಗೆ ಹೋಗುತ್ತದೆ. ಅಲ್ಲಿಯವರೆಗೆ ಬೈಕು, ಕಾರು ಓಡಿಸಬೇಡಿ, ನಿದ್ದೆಯ ಬಾಕಿಯೂ ಇರುತ್ತದೆ. ಕೂಡಲೇ ಕಬಡ್ಡಿ, ಫುಟ್‌ಬಾಲ್ ಬೇಡ. ಕರಗಿದ ಮೀನಖಂಡದ ಮೇಲೆ ಓಡಿದರೆ ಸ್ನಾಯು ಹರಿಯುತ್ತದೆ. ಮೊದಲ ವಾರ ಸಮತಟ್ಟಾದ ರಸ್ತೆಯಲ್ಲಿ ನಡಿಗೆ, ಆಮೇಲೆ ಮರಳು, ಗುಡ್ಡ ಕೊನೆಗೆ. ಹಸಿವು ಹುಚ್ಚು ಹಿಡಿಸಿದರೂ ಮೊದಲ ದಿನವೇ ನೆಂಟರ ಮನೆ ಊಟಕ್ಕೆ ಬಗ್ಗಬೇಡಿ, ಗಂಜಿ, ತಂಬುಳಿ, ಸ್ವಲ್ಪ ಸ್ವಲ್ಪ ಮೀನು ಸಾಕು. ತೂಗುವ ಭಾವ ಒಂದು ತಿಂಗಳಾದರೂ ಬಿಡದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರ್ ಹತ್ತಿರ ಹೋಗಿ, ಎಷ್ಟು ದಿನ ದೋಣಿಯಲ್ಲಿದ್ದಿರಿ ಅಂತ ಮರೆಯದೆ ಹೇಳಿ.